ಓವರಾಲ್ ತೊಟ್ಟು ಹಾರಿದ ಹುಡುಗ

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಏನಾದರೂ ಬರೆದುಕೊಡಿ, ಕಂಪ್ಯೂಟರ್ ಬಗ್ಗೆ ಬರೆದರೆ ಮಕ್ಕಳಿಗೆ ಉಪಯೋಗವಾಗುತ್ತದೆ ಎಂದು ಮುಖ್ಯೋಪಾಧ್ಯಾಯರು ಫೋನಿನಲ್ಲಿ ಹೇಳಿದ್ದರು. ಒಪ್ಪಿಕೊಂಡೆ. ಆದರೆ ಬರೆಯಲು ಕೂತಾಗ ಕಣ್ಣಿಗೆ ಬಂದದ್ದು ಕಂಪ್ಯೂಟರ್ ಅಲ್ಲ, ನಮ್ಮ ಪಿ.ಟಿ. ಮೇಷ್ಟ್ರ ಉದ್ದನೆಯ ರಿಜಿಸ್ಟರ್. ಎಂಟನೇ ತರಗತಿಗೆ ಹೊಸದಾಗಿ ಸೇರಿದವರನ್ನೆಲ್ಲ ಜೂನ್ ತಿಂಗಳಲ್ಲಿ ಹುಣಸೆಮರದ ಕೆಳಗೆ ಸಾಲಾಗಿ ನಿಲ್ಲಿಸಿ ಎತ್ತರ, ತೂಕ ಬರೆದುಕೊಳ್ಳುತ್ತಿದ್ದರು. ಆಮೇಲೆ ಎರಡು ಗೂಟಕ್ಕೆ ಹಗ್ಗ ಕಟ್ಟಿ ಒಬ್ಬೊಬ್ಬರನ್ನೇ ಹಾರಿಸುತ್ತಿದ್ದರು. ಒಬ್ಬೊಬ್ಬರಿಗೂ ಮೂರು ಸಲ ಅವಕಾಶ. ಕೊನೆಯ ಕಾಲಮ್ಮಿನಲ್ಲಿ ಕಬಡ್ಡಿ, ಖೋ ಖೋ, ಗುಂಡು ಎಂದು ಏನಾದರೊಂದು ಬರೆಯುತ್ತಿದ್ದರು. ನನ್ನ ಹೆಸರಿನ ಮುಂದೆ ಮೂರು ವರ್ಷವೂ ಬರೆದದ್ದು ಒಂದೇ: ಮತ್ತೆ ನೋಡಬೇಕು. ಮೂರು ವರ್ಷವೂ ಮತ್ತೆ ನೋಡಿದರು, ನಾನು ಮೂರು ವರ್ಷವೂ ಯಾವ ತಂಡಕ್ಕೂ ಸೇರಲಿಲ್ಲ. ಅದರಲ್ಲಿ ಅವರ ತಪ್ಪೇನೂ ಇಲ್ಲ. ನನಗೆ ಹಾರಲು ಬರುತ್ತಿರಲಿಲ್ಲ.

ಈಗ ರಿಜಿಸ್ಟರ್ ನನ್ನ ಕೈಯಲ್ಲಿದೆ ಅನ್ನಬಹುದು. ವರ್ಷಕ್ಕೆ ಎರಡು ಸಲ ಕಂಪನಿಯ ಕ್ಯಾಂಪಸ್ ಸೆಲೆಕ್ಷನ್ನಿಗೆ ಹೋಗುತ್ತೇನೆ. ಒಬ್ಬ ಹುಡುಗನಿಗೋ ಹುಡುಗಿಗೋ ಇಪ್ಪತ್ತು ನಿಮಿಷ, ಒಂದು ಫಾರ್ಮು, ಅದರಲ್ಲಿ ಐದು ಕಾಲಮ್ಮು, ಪ್ರತಿಯೊಂದಕ್ಕೂ ಐದರಲ್ಲಿ ಅಂಕ. ಹೀಗೆ ಇನ್ನೊಬ್ಬರ ಶಕ್ತಿಯನ್ನು ಅಳೆಯುವ ಕೆಲಸಕ್ಕೆ ಬಂದ ಮೇಲೆ ನನ್ನನ್ನು ಬಿಡದೆ ಕಾಡಿದ ಮನುಷ್ಯನೊಬ್ಬನಿದ್ದಾನೆ. ಅವನ ಬಗ್ಗೆ ಬರೆಯುತ್ತೇನೆ. ಅವನೂ ಸರ್ಕಾರಿ ಶಾಲೆಯ ಹುಡುಗನೇ.

ಎಂಟು ವರ್ಷದ ಹಿಂದೆ ಕಂಪನಿಯವರು ನನ್ನನ್ನು ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಹ್ಯಾರಿಸ್‌ಬರ್ಗಿಗೆ ಕಳಿಸಿದ್ದರು. ಅಲ್ಲಿಂದ ಅರ್ಧ ಗಂಟೆಯ ದಾರಿಯಲ್ಲಿ ಕಾರ್ಲೈಲ್ ಎಂಬ ಚಿಕ್ಕ ಊರು. ಒಂದು ಶನಿವಾರ ಸುಮ್ಮನೆ ಸುತ್ತಾಡಲು ಹೋದಾಗ ರಸ್ತೆ ಪಕ್ಕದ ನೀಲಿ ಫಲಕದಲ್ಲಿ ಇಂಡಿಯನ್ ಸ್ಕೂಲ್ ಎಂಬ ಅಕ್ಷರ ಕಂಡು ಕಾರು ನಿಲ್ಲಿಸಿದೆ. ಊರು ಬಿಟ್ಟು ಬಂದವನಿಗೆ ಇಂಡಿಯನ್ ಎಂಬ ಪದ ಕಂಡರೆ ಸಾಕು, ದಿನಸಿ ಅಂಗಡಿಯಾದರೂ ಸರಿ, ಶಾಲೆಯಾದರೂ ಸರಿ. ಆದರೆ ಅದು ನಮ್ಮವರ ಶಾಲೆಯಲ್ಲ. ನಾವು ಪಠ್ಯಪುಸ್ತಕದಲ್ಲಿ ರೆಡ್ ಇಂಡಿಯನ್ನರು ಎಂದು ಓದಿದ್ದ ಆ ನೆಲದ ಮೂಲನಿವಾಸಿಗಳ ಮಕ್ಕಳಿಗಾಗಿ ಸರ್ಕಾರ ನಡೆಸಿದ ವಸತಿಶಾಲೆ. ರಿಚರ್ಡ್ ಹೆನ್ರಿ ಪ್ರ್ಯಾಟ್ ಎಂಬ ಸೇನಾಧಿಕಾರಿ 1879ರಲ್ಲಿ ಹಳೆಯ ಸೈನಿಕ ಠಾಣೆಯೊಂದರಲ್ಲಿ ಅದನ್ನು ಶುರುಮಾಡಿದ. 1918ರಲ್ಲಿ ಮುಚ್ಚಿತು. ಮಕ್ಕಳನ್ನು ಸಾವಿರಾರು ಮೈಲಿ ದೂರದಿಂದ ರೈಲಿನಲ್ಲಿ ಕರೆತಂದು, ತಲೆಗೂದಲು ಕತ್ತರಿಸಿ, ಹೆಸರು ಬದಲಾಯಿಸಿ, ಸಮವಸ್ತ್ರ ತೊಡಿಸಿ, ಮನೆಮಾತು ಆಡಿದರೆ ಶಿಕ್ಷೆ ಕೊಟ್ಟು ಅವರನ್ನು ಬಿಳಿಯರಂತೆ ಮಾಡುವುದು ಅದರ ಉದ್ದೇಶ. ಹಾಗೆ ಬಂದು ಹಿಂತಿರುಗದೆ ಹೋದ ಮಕ್ಕಳ ಸಮಾಧಿಗಳು ನೂರಕ್ಕೂ ಹೆಚ್ಚು, ಬೇಲಿಯಾಚೆ ಸಾಲಾಗಿ, ಒಂದೇ ಅಳತೆಯ ಬಿಳಿ ಕಲ್ಲುಗಳು. ನಾನು ಸ್ವಲ್ಪ ಹೊತ್ತು ನಿಂತು ಬಂದೆ.

ಜಿಮ್ ಥೋರ್ಪ್ ಆ ಶಾಲೆಗೆ ಬಂದದ್ದು 1904ರಲ್ಲಿ. ಹುಟ್ಟಿದ್ದು 1887ರಲ್ಲಿ ಎಂದು ಸಾಮಾನ್ಯವಾಗಿ ಬರೆಯುತ್ತಾರೆ, ಈಗಿನ ಒಕ್ಲಹೋಮ ರಾಜ್ಯದಲ್ಲಿ, ಸ್ಯಾಕ್ ಅಂಡ್ ಫಾಕ್ಸ್ ಎಂಬ ಬುಡಕಟ್ಟಿನಲ್ಲಿ. ತಾಯಿ ಇಟ್ಟ ಹೆಸರು ವಾ-ಥೋ-ಹುಕ್, ಬೆಳಕು ಬಿದ್ದ ಹಾದಿ ಎಂಬಂಥ ಅರ್ಥ. ಜೊತೆಗೆ ಹುಟ್ಟಿದ ಅವಳಿ ತಮ್ಮ ಚಾರ್ಲಿ ಒಂಬತ್ತು ವರ್ಷದ ಹೊತ್ತಿಗೆ ಕಾಯಿಲೆಯಿಂದ ತೀರಿಕೊಂಡ. ಆಮೇಲೆ ಜಿಮ್ ಶಾಲೆಯಲ್ಲಿ ನಿಲ್ಲಲೇ ಇಲ್ಲ, ಮತ್ತೆ ಮತ್ತೆ ಓಡಿ ಮನೆಗೆ ಬರುತ್ತಿದ್ದ. ಅಪ್ಪ ಗಾಡಿಯಲ್ಲಿ ಕರೆದೊಯ್ದು ಶಾಲೆಗೆ ಬಿಟ್ಟು ಹಿಂತಿರುಗುವಷ್ಟರಲ್ಲಿ ಹುಡುಗ ಅಡ್ಡದಾರಿಯಲ್ಲಿ ಓಡಿ ಅಪ್ಪನಿಗಿಂತ ಮೊದಲೇ ಮನೆ ಸೇರಿದ್ದ ಎಂಬ ಕಥೆಯೂ ಇದೆ. ಅಮ್ಮ ಹೋದರು. ಅವನು ಕಾರ್ಲೈಲ್ ಸೇರಿದ ಸ್ವಲ್ಪ ದಿನದಲ್ಲೇ ಅಪ್ಪನೂ ಹೋದರು. ಶಾಲೆಯ ಲೆಕ್ಕದಲ್ಲಿ ಆಗ ಅವನ ಎತ್ತರ ಐದೂವರೆ ಅಡಿಗೂ ಒಂದಿಷ್ಟು ಕಡಿಮೆ, ತೂಕ 115 ಪೌಂಡು, ನಮ್ಮ ಲೆಕ್ಕಕ್ಕೆ 52 ಕಿಲೋ. ಹೊಲಿಗೆ ವಿಭಾಗಕ್ಕೆ ಹಾಕಿದರು. ಆಮೇಲೆ ಬಿಳಿ ರೈತರ ಮನೆಗಳಿಗೆ ದುಡಿಯಲು ಕಳಿಸಿದರು. ಆ ಶಾಲೆಯಲ್ಲಿ ಅದೂ ಪಾಠದ ಒಂದು ಭಾಗ.

ಇಲ್ಲಿ ಫುಟ್ಬಾಲಿನ ಬಗ್ಗೆ ನಾಲ್ಕು ಮಾತು. ಅಮೆರಿಕದವರ ಫುಟ್ಬಾಲ್ ನಮ್ಮ ಕಾಲ್ಚೆಂಡಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕಂಕುಳಲ್ಲಿ ಒತ್ತಿಕೊಂಡು ಎದುರಾಳಿಗಳ ನಡುವೆ ನುಗ್ಗಿ ಓಡಬೇಕು. ಕಬಡ್ಡಿಯಲ್ಲಿ ರೈಡರನ್ನು ಹಿಡಿಯುವಂತೆ ಅವರು ಹಿಡಿದು ಕೆಡವುತ್ತಾರೆ. ಈ ಆಟ ಅಲ್ಲಿ ಬೆಳೆದದ್ದು ಕಾಲೇಜುಗಳಲ್ಲಿ. ಇವತ್ತು ಯಾವ ಹೈಸ್ಕೂಲ್ ಹುಡುಗ ಯಾವ ಕಾಲೇಜು ಸೇರುತ್ತಾನೆ ಎಂಬುದೇ ಅಲ್ಲಿ ದೊಡ್ಡ ಸುದ್ದಿ. ಎತ್ತರ, ತೂಕ, 40 ಗಜ ಓಡಲು ಎಷ್ಟು ಸೆಕೆಂಡು ಎಂದೆಲ್ಲ ಅಳೆದು, ಆಟದ ವಿಡಿಯೋ ನೋಡಿ, ಹದಿನೇಳು ವರ್ಷದ ಹುಡುಗನಿಗೆ ಮೂರು ಸ್ಟಾರು, ನಾಲ್ಕು ಸ್ಟಾರು, ಐದು ಸ್ಟಾರು ಎಂದು ಕೊಡುತ್ತಾರೆ. ಹೋಟೆಲಿಗೆ ಕೊಟ್ಟಂತೆ. ಹ್ಯಾರಿಸ್‌ಬರ್ಗಿನಲ್ಲಿ ನನ್ನ ಪಕ್ಕ ಕೂತು ಕೆಲಸ ಮಾಡುತ್ತಿದ್ದವನು ಇದನ್ನು ಸೋಮವಾರ ಬೆಳಿಗ್ಗೆ ಅರ್ಧ ಗಂಟೆ ಮಾತಾಡದೆ ಲ್ಯಾಪ್‌ಟಾಪ್ ತೆರೆಯುತ್ತಿರಲಿಲ್ಲ.

1907ರಲ್ಲಿ ಸ್ಟಾರೂ ಇಲ್ಲ, ವಿಡಿಯೋನೂ ಇಲ್ಲ. ತರಬೇತುದಾರನ ಕಣ್ಣು ಮಾತ್ರ. ಕಾರ್ಲೈಲಿನ ತರಬೇತುದಾರರು ಗ್ಲೆನ್ ವಾರ್ನರ್, ಎಲ್ಲರ ಬಾಯಲ್ಲಿ ಪಾಪ್ ವಾರ್ನರ್. ಥೋರ್ಪನನ್ನು ಏಕವಚನದಲ್ಲಿ ಬರೆಯುತ್ತಿದ್ದೇನೆ, ಮೇಷ್ಟ್ರಿಗೆ ಮಾತ್ರ ಬಹುವಚನವೇ ಬರುತ್ತದೆ, ಇದು ಈ ಶಾಲೆ ಕಲಿಸಿದ ಅಭ್ಯಾಸ. ವಾರ್ನರ್ ಮೊದಲು 1899ರಿಂದ 1903ರವರೆಗೆ ಅಲ್ಲಿದ್ದರು, ಬಿಟ್ಟು ಹೋಗಿ 1907ರಲ್ಲಿ ಮತ್ತೆ ಬಂದರು. ಅವರ ಹುಡುಗರು ಹಾರ್ವರ್ಡಿನಂಥ ದೊಡ್ಡ ಕಾಲೇಜುಗಳ ಹುಡುಗರಿಗಿಂತ ತೂಕದಲ್ಲಿ ಕಡಿಮೆ. ಕಾರ್ಲೈಲ್ ನಿಜವಾಗಿ ಕಾಲೇಜೇ ಅಲ್ಲ. ಆದರೂ ಅವರ ಜೊತೆ ಆಡುತ್ತಿತ್ತು. ಗಾತ್ರದಲ್ಲಿ ಗೆಲ್ಲಲಾಗದ್ದನ್ನು ವೇಗದಲ್ಲಿ, ಉಪಾಯದಲ್ಲಿ ಗೆಲ್ಲಬೇಕೆಂಬುದು ವಾರ್ನರ್ ಅವರ ಲೆಕ್ಕ. 1903ರಲ್ಲಿ ಹಾರ್ವರ್ಡ್ ವಿರುದ್ಧ ಅವರ ಹುಡುಗರು ಚೆಂಡನ್ನು ಒಬ್ಬನ ಜರ್ಸಿಯ ಬೆನ್ನೊಳಗೆ ತುರುಕಿ, ಚೆಂಡು ಎಲ್ಲಿ ಎಂದು ಹಾರ್ವರ್ಡಿನವರು ಹುಡುಕುತ್ತಿರುವಾಗಲೇ ಅವನು ಓಡಿ ಅಂಕ ಗಳಿಸಿದ್ದ. ಆ ಪಂದ್ಯವನ್ನು ಕಾರ್ಲೈಲ್ 12–11ರಲ್ಲಿ ಸೋತಿತು. ಜನರಿಗೆ ನೆನಪಿರುವುದು ಮಾತ್ರ ಜರ್ಸಿಯೊಳಗಿನ ಚೆಂಡು.

ಆ ವರ್ಷದ ವಸಂತದಲ್ಲಿ ಒಂದು ಸಂಜೆ. ಹೊಲದ ದುಡಿಮೆ ಮುಗಿಸಿ ಶಾಲೆಗೆ ಮರಳಿದ್ದ ಜಿಮ್ ಮೈದಾನದ ಪಕ್ಕ ಹೋಗುತ್ತಿದ್ದ. ಅಥ್ಲೆಟಿಕ್ಸ್ ತಂಡದ ಹುಡುಗರು ಹೈಜಂಪ್ ಅಭ್ಯಾಸ ಮಾಡುತ್ತಿದ್ದರು. ಕೋಲು 5 ಅಡಿ 9 ಇಂಚಿನಲ್ಲಿತ್ತು, ಯಾರಿಗೂ ದಾಟಲಾಗುತ್ತಿರಲಿಲ್ಲ. ನಾನೊಂದು ಸಲ ನೋಡಲೇ ಎಂದು ಕೇಳಿದ. ಮೈಮೇಲೆ ಕೆಲಸದ ಓವರಾಲ್, ಅಂದರೆ ನಮ್ಮ ಗ್ಯಾರೇಜಿನವರು ತೊಡುತ್ತಾರಲ್ಲ, ಅಂಥ ದೊಗಳೆ ಬಟ್ಟೆ. ನಗಾಡಿಕೊಂಡು ಬಿಟ್ಟರು. ಓಡಿ ಬಂದು ಹಾರಿದ, ಕೋಲು ಅಲುಗಲಿಲ್ಲ. ಅವನು ತನ್ನ ಪಾಡಿಗೆ ಹೊರಟುಹೋದ. ಯಾರೋ ವಾರ್ನರ್ ಅವರಿಗೆ ಹೇಳಿದರು. ಮರುದಿನ ಕರೆಸಿದಾಗ ತಾನೇನೋ ತಪ್ಪು ಮಾಡಿದ್ದೇನೆಂದೇ ಹುಡುಗ ತಿಳಿದಿದ್ದನಂತೆ. ಶಾಲೆಯ ದಾಖಲೆಯನ್ನೇ ಮುರಿದಿದ್ದೀಯ ಎಂದು ತಿಳಿಸಿ ಅವನನ್ನು ತಂಡಕ್ಕೆ ಸೇರಿಸಿಕೊಂಡರು.

ನನಗೆ ಈ ಘಟನೆಯಲ್ಲಿ ಕಾಣುವುದು ಹಾರಿದವನ ಶಕ್ತಿಯಷ್ಟೇ ಅಲ್ಲ. ಮೂರು ವರ್ಷ ಅವನು ಅದೇ ಆವರಣದ ಲೆಕ್ಕದಲ್ಲಿದ್ದ. ಅಳತೆ ಪಟ್ಟಿಯಲ್ಲಿ ಅವನ ಹೆಸರಿತ್ತು. ಅಳೆದಾಗ ಚಿಕ್ಕವನಿದ್ದ, ಆಮೇಲೆ ಯಾರೂ ಅಳೆಯಲಿಲ್ಲ. ಅವನು ಆ ಸಂಜೆ ಆ ದಾರಿಯಲ್ಲಿ ಬಾರದೆ ಅಡುಗೆಮನೆ ಕಡೆಯಿಂದ ಹೋಗಿದ್ದರೆ ಇವತ್ತು ಈ ಲೇಖನವಿಲ್ಲ.

ಇನ್ನೊಂದು ವಿಚಿತ್ರ ಆಮೇಲೆ ನಡೆಯಿತು. ಜಿಮ್‌ಗೆ ಫುಟ್ಬಾಲ್ ಆಡುವ ಆಸೆ. ವಾರ್ನರ್ ಅವರೇ ಫುಟ್ಬಾಲಿಗೂ ತರಬೇತುದಾರರು. ಆದರೆ ಅವರಿಗೆ ಇಷ್ಟವಿಲ್ಲ. ಓಟಕ್ಕೂ ಜಿಗಿತಕ್ಕೂ ಸಿಕ್ಕ ಅಪರೂಪದ ಹುಡುಗ, ಯಾರೋ ಮೇಲೆ ಬಿದ್ದು ಕಾಲು ಮುರಿದರೆ ಗತಿಯೇನು ಎಂಬ ಭಯ. ಕೊನೆಗೆ ಅವನ ಕಾಟ ತಡೆಯಲಾಗದೆ ಒಂದು ದಿನ ಚೆಂಡು ಕೊಟ್ಟು, ತಂಡದ ಹುಡುಗರಿಗೆ ಹಿಡಿದು ಕೆಡವುವ ಅಭ್ಯಾಸವಾಗಲಿ, ನೀನು ಅವರ ನಡುವೆ ಓಡು ಎಂದರಂತೆ. ನಾಲ್ಕು ಸಲ ನೆಲಕ್ಕೆ ಬಿದ್ದರೆ ಹುಚ್ಚು ಬಿಡುತ್ತದೆ ಎಂಬುದು ಅವರ ಎಣಿಕೆ. ಅವನು ಕೆಲವರಿಂದ ತಪ್ಪಿಸಿಕೊಂಡು, ಕೆಲವರನ್ನು ಹೆಗಲಿನಿಂದ ತಳ್ಳಿಕೊಂಡು ಮೈದಾನದ ಆ ತುದಿ ಮುಟ್ಟಿದ. ವಾರ್ನರ್ ಸಿಟ್ಟಿನಿಂದ ತಂಡದವರನ್ನು ಬೈದು ಇನ್ನೊಮ್ಮೆ ಓಡಿಸಿದರು. ಇನ್ನೊಮ್ಮೆಯೂ ಅದೇ ಆಯಿತು. ಅಲ್ಲಿಂದ ಬಂದ ಜಿಮ್ ಚೆಂಡನ್ನು ಮೇಷ್ಟ್ರ ಕೈಗೆ ಕೊಟ್ಟ.

ಅಂದರೆ ಒಬ್ಬನ ಶಕ್ತಿಯನ್ನು ಗುರುತಿಸಿದ ಕಣ್ಣೇ ಅವನನ್ನು ಆ ಶಕ್ತಿಗೆ ಕಟ್ಟಿಹಾಕಲು ನೋಡಿತು. ಇದು ನಮ್ಮ ಕಂಪನಿಗಳಲ್ಲೂ ದಿನಾ ನಡೆಯುವುದೇ. ಟೆಸ್ಟಿಂಗ್‌ನಲ್ಲಿ ಚುರುಕಾದ ಹುಡುಗಿ ಕೋಡ್ ಬರೆಯುತ್ತೇನೆ ಅಂದರೆ, ಅವಳು ಹೋದರೆ ಟೆಸ್ಟಿಂಗ್ ಯಾರು ನೋಡುತ್ತಾರೆ ಎಂದು ಮ್ಯಾನೇಜರ್ ತಡೆಯುತ್ತಾನೆ. ತಡೆದ ಮ್ಯಾನೇಜರುಗಳಲ್ಲಿ ನಾನೂ ಒಬ್ಬ.

ವಾರ್ನರ್ ಅವರ ಪರವಾಗಿ ಒಂದು ಮಾತು ಹೇಳಲೇಬೇಕು. ಕಣ್ಣೆದುರು ಕಂಡದ್ದನ್ನು ಅವರು ಒಪ್ಪಿಕೊಂಡರು. ಲೂಯಿಸ್ ತೆವಾನಿಮಾ ಎಂಬ ಹೋಪಿ ಬುಡಕಟ್ಟಿನವನನ್ನು ಅದೇ 1907ರಲ್ಲಿ ಅರಿಜೋನದಿಂದ ಕಾರ್ಲೈಲಿಗೆ ಕಳಿಸಿದ್ದರು, ವಿದ್ಯಾರ್ಥಿಯಾಗಿ ಅನ್ನುವುದಕ್ಕಿಂತ ಕೈದಿಯಾಗಿ. ಅವನ ಊರಿನವರು ಸರ್ಕಾರದ ಶಾಲೆ ಬೇಡ ಎಂದಿದ್ದೇ ಅಪರಾಧ. ತೂಕ 50 ಕಿಲೋ ಇದ್ದರೆ ಹೆಚ್ಚು. ತಾನು ಓಡಬಲ್ಲೆ ಎಂದು ಅವನು ತಿಳಿಸಿದಾಗ ವಾರ್ನರ್ ಓಡಿಸಿ ನೋಡಿದರು. 1912ರ ಒಲಿಂಪಿಕ್ಸಿನಲ್ಲಿ 10,000 ಮೀಟರ್ ಓಟದ ಬೆಳ್ಳಿ ಅವನದು. ಆ ಓಟದಲ್ಲಿ ಅವನಿಗಿಂತ ಮುಂದೆ ಹೋದ ಅಮೆರಿಕನ್ನನನ್ನು ನೋಡಲು 1964ರವರೆಗೆ ಕಾಯಬೇಕಾಯಿತು, ಆ ಬಿಲ್ಲಿ ಮಿಲ್ಸ್ ಕೂಡ ಮೂಲನಿವಾಸಿಯೇ.

ಜಿಮ್ 1907ರಲ್ಲಿ ಫುಟ್ಬಾಲ್ ತಂಡದ ಬದಲಿ ಆಟಗಾರ, ಮರುವರ್ಷ ಮುಖ್ಯ ಆಟಗಾರ. 1909ರ ಬೇಸಿಗೆಯಲ್ಲಿ ಗೆಳೆಯರ ಜೊತೆ ನಾರ್ತ್ ಕ್ಯಾರೊಲಿನಾದ ರಾಕಿ ಮೌಂಟ್ ಎಂಬಲ್ಲಿಗೆ ಬೇಸ್‌ಬಾಲ್ ಆಡಲು ಹೋದ. ಸಣ್ಣ ಸಂಬಳ. ಕಾಲೇಜು ಹುಡುಗರು ರಜೆಯಲ್ಲಿ ಹೀಗೆ ಹೋಗಿ ನಾಲ್ಕು ಕಾಸು ಸಂಪಾದಿಸುವುದು ಆಗ ಸಾಮಾನ್ಯವಾಗಿತ್ತು. ಅವರಲ್ಲಿ ಬಹಳಷ್ಟು ಮಂದಿ ಸುಳ್ಳು ಹೆಸರಿನಲ್ಲಿ ಆಡುತ್ತಿದ್ದರು. ಇವನು ಸ್ವಂತ ಹೆಸರಿನಲ್ಲೇ ಆಡಿದ. ಮುಂದಿನ ಬೇಸಿಗೆಯಲ್ಲೂ ಆಡಿದ. ಈ ವಿಷಯ ಓದುಗರು ಸ್ವಲ್ಪ ನೆನಪಿಟ್ಟುಕೊಳ್ಳಬೇಕು.

1911ರಲ್ಲಿ ವಾರ್ನರ್ ಅವನನ್ನು ಮರಳಿ ಕರೆಸಿಕೊಂಡರು. ಅಷ್ಟರಲ್ಲಿ ಅವನು ಆರಡಿಯ ಗಟ್ಟಿಮುಟ್ಟಾದ ಗಂಡಸು. ಆ ವರ್ಷ ಕಾರ್ಲೈಲ್ ಹನ್ನೆರಡು ಪಂದ್ಯಗಳಲ್ಲಿ ಹನ್ನೊಂದನ್ನು ಗೆದ್ದಿತು. ಹಾರ್ವರ್ಡ್ ವಿರುದ್ಧ ನವೆಂಬರಿನಲ್ಲಿ ನಡೆದ ಪಂದ್ಯದ ಕಥೆ ಎದುರಾಳಿಯನ್ನು ಅಳೆಯುವವರೆಲ್ಲ ಕೇಳಬೇಕಾದದ್ದು. ಹಾರ್ವರ್ಡಿನ ತರಬೇತುದಾರ ಇವರನ್ನು ಹಗುರವಾಗಿ ಎಣಿಸಿ ತನ್ನ ಮುಖ್ಯ ಆಟಗಾರರನ್ನು ಹಿಂದಿಟ್ಟುಕೊಂಡು ಬದಲಿಯವರನ್ನು ಇಳಿಸಿದ್ದ. ತಪ್ಪು ತಿಳಿದು ಮುಖ್ಯ ಆಟಗಾರರನ್ನು ಕಳಿಸುವ ಹೊತ್ತಿಗೆ ತಡವಾಗಿತ್ತು. ಕಾಲಿಗೆ ಪಟ್ಟಿ ಸುತ್ತಿಕೊಂಡು ಆಡಿದ ಥೋರ್ಪ್ ಅದೇ ಕಾಲಿನಿಂದ ನಾಲ್ಕು ಫೀಲ್ಡ್ ಗೋಲ್ ಒದ್ದ. 18–15.

1912ರ ಜುಲೈಯಲ್ಲಿ ಸ್ಟಾಕ್‌ಹೋಮ್ ಒಲಿಂಪಿಕ್ಸ್. ಪೆಂಟಥ್ಲಾನಿನ ಐದರಲ್ಲಿ ನಾಲ್ಕು ಸ್ಪರ್ಧೆಗಳಲ್ಲಿ ಅವನೇ ಮೊದಲಿಗ. ಈಟಿ ಎಸೆತದಲ್ಲಿ ಮಾತ್ರ ಮೂರನೆಯವನು. ಹತ್ತು ಸ್ಪರ್ಧೆಗಳ ಡೆಕಥ್ಲಾನಿನಲ್ಲಿ 8,412 ಅಂಕ, ಎರಡನೆಯವನಾದ ಸ್ವೀಡನ್ನಿನ ಹ್ಯೂಗೋ ವೀಸ್‌ಲಾಂಡರ್‌ಗಿಂತ ಸುಮಾರು 700 ಅಂಕ ಮುಂದೆ. ಕೊನೆಯ 1,500 ಮೀಟರನ್ನು 4 ನಿಮಿಷ 40.1 ಸೆಕೆಂಡಿನಲ್ಲಿ ಓಡಿ ಮುಗಿಸಿದ. ಆ ದಿನಗಳ ಒಂದು ಫೋಟೋ ಇದೆ, ಎರಡು ಕಾಲಿನ ಬೂಟೂ ಕಾಲುಚೀಲವೂ ಬೇರೆ ಬೇರೆ. ಅವನ ಬೂಟು ಕಳುವಾಗಿ, ಸಿಕ್ಕಿದ್ದನ್ನು ಹಾಕಿಕೊಂಡಿದ್ದ ಎನ್ನುತ್ತಾರೆ. ಸ್ವೀಡನ್ನಿನ ದೊರೆ ಐದನೆಯ ಗುಸ್ತಾವ್ ತಾನೇ ಕೈಕುಲುಕಿ, ಜಗತ್ತಿನ ಅತಿ ದೊಡ್ಡ ಕ್ರೀಡಾಪಟು ಎಂಬ ಅರ್ಥದ ಮಾತಾಡಿದನೆಂದು ಪ್ರತೀತಿ.

ಮರಳಿ ಬಂದು ಅದೇ ನವೆಂಬರ್ 9ರಂದು ವೆಸ್ಟ್ ಪಾಯಿಂಟ್ ಸೈನಿಕ ಅಕಾಡೆಮಿಯ ತಂಡದ ಎದುರು ಆಡಿದ. ಮೂಲನಿವಾಸಿಗಳ ಮೇಲೆ ಅಮೆರಿಕದ ಸೇನೆ ವೂಂಡೆಡ್ ನೀಯಲ್ಲಿ ಗುಂಡು ಹಾರಿಸಿ ಆಗಿನ್ನೂ ಇಪ್ಪತ್ತೆರಡು ವರ್ಷ. ಈಗ ಅದೇ ಸೇನೆಗೆ ಅಧಿಕಾರಿಗಳಾಗಲಿರುವ ಹುಡುಗರು ಎದುರಿಗೆ. ಕಾರ್ಲೈಲ್ 27–6ರಲ್ಲಿ ಗೆದ್ದಿತು. ಅಂದು ಸೋತ ತಂಡದಲ್ಲಿ ಥೋರ್ಪನನ್ನು ಕೆಡವಲು ಒದ್ದಾಡಿದ ಒಬ್ಬ ಕೆಡೆಟ್ ಡ್ವೈಟ್ ಐಸೆನ್‌ಹೋವರ್. ಮುಂದೆ ಅಮೆರಿಕದ ಅಧ್ಯಕ್ಷನಾದ. ಆ ಋತುವಿನಲ್ಲಿ ಥೋರ್ಪ್ ಗಳಿಸಿದ ಟಚ್‌ಡೌನ್ 25.

ಇಲ್ಲಿಗೆ ಕಥೆ ನಿಲ್ಲಿಸಿದರೆ ಮಕ್ಕಳಿಗೆ ಹೇಳಲು ಚೆನ್ನಾಗಿರುತ್ತದೆ. ಎಷ್ಟೋ ಪುಸ್ತಕಗಳು ಹಾಗೇ ನಿಲ್ಲಿಸುತ್ತವೆ.

1913ರ ಜನವರಿಯಲ್ಲಿ ಮ್ಯಾಸಚೂಸೆಟ್ಸಿನ ಒಂದು ಪತ್ರಿಕೆ ರಾಕಿ ಮೌಂಟಿನ ಬೇಸ್‌ಬಾಲ್ ಸಂಗತಿ ಬರೆಯಿತು. ಆಟಕ್ಕೆ ಹಣ ಪಡೆದವನು ಅಮೆಚೂರ್ ಅಲ್ಲ, ಅಮೆಚೂರ್ ಅಲ್ಲದವನಿಗೆ ಒಲಿಂಪಿಕ್ಸ್ ಇಲ್ಲ. ತಕರಾರು ಇದ್ದರೆ ಮೂವತ್ತು ದಿನದೊಳಗೆ ಸಲ್ಲಿಸಬೇಕೆಂದು ಸ್ಟಾಕ್‌ಹೋಮಿನ ನಿಯಮವೇ ಹೇಳಿತ್ತು, ಆಗಲೇ ಆರು ತಿಂಗಳು ಕಳೆದಿತ್ತು. ಅದನ್ನು ಯಾರೂ ಲೆಕ್ಕಿಸಲಿಲ್ಲ. ತಮಗೇನೂ ಗೊತ್ತಿರಲಿಲ್ಲ ಎಂದು ವಾರ್ನರ್ ಅವರೂ ಶಾಲೆಯ ಮುಖ್ಯಸ್ಥರೂ ಹೇಳಿಬಿಟ್ಟರು. ಎರಡು ಬೇಸಿಗೆ ತಂಡದ ಅತ್ಯುತ್ತಮ ಆಟಗಾರ ಎಲ್ಲಿದ್ದ, ಏನು ಮಾಡುತ್ತಿದ್ದ ಎಂದು ಅವನನ್ನು ಮರಳಿ ಕರೆಸಿಕೊಂಡ ತರಬೇತುದಾರರಿಗೆ ಗೊತ್ತಿರಲಿಲ್ಲವೆಂದು ನಂಬುವುದು ನನಗೆ ಕಷ್ಟ. ಅಧಿಕಾರಿಗಳಿಗೆ ಥೋರ್ಪನ ಹೆಸರಿನಲ್ಲಿ ಒಂದು ಪತ್ರ ಹೋಯಿತು. ನಾನು ಲೋಕಜ್ಞಾನವಿಲ್ಲದ ಇಂಡಿಯನ್ ಶಾಲಾ ಹುಡುಗ, ತಿಳಿಯದೆ ಮಾಡಿದೆ, ಕ್ಷಮಿಸಿ ಎಂಬುದು ಅದರ ಧಾಟಿ. ಅದರ ಹಿಂದಿನ ಕೈ ವಾರ್ನರ್ ಅವರದೇ ಎಂದು ಹಲವರು ನಂಬುತ್ತಾರೆ. ಪದಕಗಳು ವಾಪಸು ಹೋದವು, ದಾಖಲೆಯಿಂದ ಹೆಸರು ಹೊಡೆದರು. ಚಿನ್ನ ವೀಸ್‌ಲಾಂಡರ್‌ಗೂ ಪೆಂಟಥ್ಲಾನಿನಲ್ಲಿ ನಾರ್ವೆಯ ಫರ್ಡಿನಾಂಡ್ ಬೀಗೂ ಹೋಯಿತು.

ಮರುವರ್ಷ ಕಾರ್ಲೈಲ್ ಶಾಲೆಯ ಮೇಲೆ ಅಮೆರಿಕದ ಸಂಸತ್ತಿನ ಸಮಿತಿ ವಿಚಾರಣೆ ನಡೆಸಿತು. ಥೋರ್ಪನ ಜೊತೆ ಆಡಿದ ಗಸ್ ವೆಲ್ಚ್ ಎಂಬ ಆಟಗಾರನೇ ಮುಂದೆ ನಿಂತು ಸಹಪಾಠಿಗಳ ಸಹಿ ಹಾಕಿಸಿ ದೂರು ಕೊಟ್ಟಿದ್ದ. ಆಟದ ನಿಧಿಯ ಹಣದ ಬಗ್ಗೆ, ತರಬೇತುದಾರರು ಹುಡುಗರನ್ನು ನಡೆಸಿಕೊಂಡ ರೀತಿಯ ಬಗ್ಗೆ ಆಟಗಾರರೇ ಸಾಕ್ಷಿ ಹೇಳಿದರು. ವಾರ್ನರ್ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯಕ್ಕೆ ಹೋದರು. ಅಲ್ಲೂ, ಆಮೇಲೆ ಸ್ಟ್ಯಾನ್‌ಫರ್ಡಿನಲ್ಲೂ ಹೆಸರು ಮಾಡಿದರು. ಇವತ್ತು ಅಮೆರಿಕದ ಪುಟ್ಟ ಮಕ್ಕಳ ಫುಟ್ಬಾಲ್ ಸಂಘಟನೆಗೆ ಅವರದೇ ಹೆಸರಿದೆ. ಹುಡುಗರ ಕಾಲು, ಹೆಗಲು, ಉಸಿರು ಇವನ್ನು ಓದುವುದರಲ್ಲಿ ಅವರಷ್ಟು ನುರಿತವರು ಆ ಕಾಲದಲ್ಲಿ ಕಡಿಮೆ. ಅದನ್ನು ಕಿತ್ತುಕೊಳ್ಳಲು ನನಗೆ ಮನಸ್ಸಿಲ್ಲ. ಆದರೆ ಅವರು ಓದಿದ್ದು ಅಷ್ಟನ್ನೇ.

ಥೋರ್ಪ್ 1913ರಿಂದ 1919ರವರೆಗೆ ನ್ಯೂಯಾರ್ಕ್ ಜೈಂಟ್ಸ್ ಮತ್ತಿತರ ತಂಡಗಳಲ್ಲಿ ಬೇಸ್‌ಬಾಲ್ ಆಡಿದ. 1915ರಲ್ಲಿ ಓಹಾಯೋದ ಕ್ಯಾಂಟನ್ ಬುಲ್‌ಡಾಗ್ಸ್ ಪಂದ್ಯಕ್ಕೆ 250 ಡಾಲರ್ ಕೊಟ್ಟು ಅವನನ್ನು ಫುಟ್ಬಾಲಿಗೆ ಕರೆಯಿತು. 1920ರಲ್ಲಿ ಅದೇ ಕ್ಯಾಂಟನ್ನಿನ ಒಂದು ಕಾರಿನ ಶೋರೂಮಿನಲ್ಲಿ ತಂಡಗಳ ಮಾಲೀಕರು ಸೇರಿ ಕಟ್ಟಿದ ಒಕ್ಕೂಟವೇ ಇಂದಿನ ಎನ್‌ಎಫ್‌ಎಲ್. ಮೊದಲ ಅಧ್ಯಕ್ಷನಾಗಿ ಆರಿಸಿದ್ದು ಥೋರ್ಪನನ್ನು, ಮುಖ್ಯವಾಗಿ ಹೆಸರಿಗಾಗಿ. ಹಿಂದೆ ಹೆಸರು ಹೊಡೆದುಹಾಕಿದ ದೇಶಕ್ಕೆ ಈಗ ಆ ಹೆಸರೇ ಬಂಡವಾಳ. ಸ್ವಂತ ನೆಲದ ಪೌರತ್ವ ಅಲ್ಲಿನ ಮೂಲನಿವಾಸಿಗಳಿಗೆಲ್ಲ ಕಾನೂನಿನಿಂದ ಸಿಕ್ಕಿದ್ದು 1924ರಲ್ಲಿ, ಅಂದರೆ ಅವನು ದೇಶಕ್ಕೆ ಚಿನ್ನ ತಂದ ಹನ್ನೆರಡು ವರ್ಷಕ್ಕೆ. 1928ರಲ್ಲಿ ಆಟ ನಿಂತಿತು.

ಆಮೇಲಿನ ಇಪ್ಪತ್ತೈದು ವರ್ಷ ಕೂಲಿ, ಕುಡಿತ, ಹಾಲಿವುಡ್ ಚಿತ್ರಗಳಲ್ಲಿ ಗುಂಪಿನಲ್ಲಿ ನಿಲ್ಲುವ ಪಾತ್ರ. 1932ರಲ್ಲಿ ಲಾಸ್ ಏಂಜಲೀಸಿನಲ್ಲೇ ಒಲಿಂಪಿಕ್ಸ್ ನಡೆದಾಗ ಟಿಕೆಟ್ಟಿಗೆ ದುಡ್ಡಿರಲಿಲ್ಲ. ಸ್ವತಃ ಮೂಲನಿವಾಸಿ ರಕ್ತದವರಾಗಿದ್ದ ಉಪಾಧ್ಯಕ್ಷ ಚಾರ್ಲ್ಸ್ ಕರ್ಟಿಸ್ ಕರೆದು ಕೂರಿಸಿದರು. 1950ರಲ್ಲಿ ಅಸೋಸಿಯೇಟೆಡ್ ಪ್ರೆಸ್ ನಡೆಸಿದ ಸಮೀಕ್ಷೆಯಲ್ಲಿ ಕ್ರೀಡಾ ಬರಹಗಾರರು ಅರ್ಧ ಶತಮಾನದ ಅತ್ಯುತ್ತಮ ಕ್ರೀಡಾಪಟು ಅವನೇ ಎಂದರು. ಮರುವರ್ಷ ಅವನ ಜೀವನದ ಮೇಲೆ ಸಿನಿಮಾ ಬಂತು, ಬರ್ಟ್ ಲ್ಯಾಂಕಾಸ್ಟರ್ ಥೋರ್ಪನಾಗಿ ನಟಿಸಿದ. ಅದೇ ವರ್ಷ ತುಟಿಯ ಕ್ಯಾನ್ಸರಿಗೆ ಚಿಕಿತ್ಸೆಯಾದದ್ದು ಧರ್ಮಾರ್ಥವಾಗಿ. 1953ರ ಮಾರ್ಚ್ 28ರಂದು ಕ್ಯಾಲಿಫೋರ್ನಿಯಾದ ಲೊಮಿಟಾದಲ್ಲಿ ತೀರಿಕೊಂಡ. ಅವನನ್ನು ಕೆಡವಲು ಒದ್ದಾಡಿದ ಕೆಡೆಟ್ ಅಧ್ಯಕ್ಷನಾಗಿ ಆಗ ಎರಡು ತಿಂಗಳಾಗಿತ್ತು.

ಪದಕ ಮರಳಿಸಿ ಎಂದು ಬಹಳ ಜನ ಬಹಳ ವರ್ಷ ಕೇಳಿದರು. 1952ರಿಂದ 1972ರವರೆಗೆ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಅಧ್ಯಕ್ಷರಾಗಿದ್ದ ಏವರಿ ಬ್ರಂಡೇಜ್ ಒಪ್ಪಲಿಲ್ಲ. 1912ರ ಪೆಂಟಥ್ಲಾನಿನಲ್ಲಿ ಥೋರ್ಪನ ಹಿಂದೆ ಬಿದ್ದವರಲ್ಲಿ ಅವರೂ ಒಬ್ಬರು ಎಂಬುದನ್ನು ಓದಿದಾಗ ನಾನು ಪುಸ್ತಕ ಮುಚ್ಚಿಟ್ಟು ಒಂದು ಕಾಫಿ ಮಾಡಿಕೊಂಡೆ. 1982ರಲ್ಲಿ ಸಮಿತಿ ಜಂಟಿ ವಿಜೇತ ಎಂದು ಒಪ್ಪಿ, ಮರುವರ್ಷ ಜನವರಿಯಲ್ಲಿ ಪದಕದ ಪ್ರತಿಗಳನ್ನು ಅವನ ಮಕ್ಕಳಿಗೆ ಕೊಟ್ಟಿತು. ಏಕೈಕ ವಿಜೇತನೆಂದು ದಾಖಲಿಸಿದ್ದು 2022ರ ಜುಲೈಯಲ್ಲಿ.

ಕಾರ್ಲೈಲ್ ಶಾಲೆಯ ವಿದ್ಯಾರ್ಥಿಗಳ ಕಾರ್ಡುಗಳನ್ನು ಅದೇ ಊರಿನ ಡಿಕಿನ್‌ಸನ್ ಕಾಲೇಜಿನವರು ಕಂಪ್ಯೂಟರಿಗೆ ಏರಿಸಿದ್ದಾರೆ, ಯಾರು ಬೇಕಾದರೂ ನೋಡಬಹುದು. ಹೆಸರು, ಬುಡಕಟ್ಟು, ಎತ್ತರ, ತೂಕ, ಬಂದ ದಿನ, ಹೋದ ದಿನ. ಹೋದ ವರ್ಷ ಒಂದು ರಾತ್ರಿ ಅವನ್ನು ನೋಡುತ್ತಾ ಕೂತಿದ್ದೆ. ಅದೇ ದಿನ ಬೆಳಿಗ್ಗೆ ಕ್ಯಾಂಪಸ್ ಸೆಲೆಕ್ಷನ್ ಮುಗಿಸಿ ಬಂದಿದ್ದರಿಂದ ನನ್ನ ಫಾರ್ಮುಗಳೂ ಮೇಜಿನ ಮೇಲೇ ಇದ್ದವು. ಅವುಗಳಲ್ಲಿ ಒಂದು ಸಣ್ಣ ಊರಿನ ಹುಡುಗನದು. ಇಂಗ್ಲಿಷಿನಲ್ಲಿ ತಡವರಿಸಿದ್ದ. ಮಾತುಗಾರಿಕೆಯ ಕಾಲಮ್ಮಿನಲ್ಲಿ ಎರಡು ಹಾಕಿದ್ದೆ, ಒಟ್ಟಿನಲ್ಲಿ ಬೇಡ ಎಂದು ಗುರುತು ಮಾಡಿದ್ದೆ. ಅವನ ಅರ್ಜಿಯ ಕೊನೆಯ ಸಾಲನ್ನು ಆ ರಾತ್ರಿಯೇ ನಾನು ಸರಿಯಾಗಿ ಓದಿದ್ದು. ಕರೆಂಟು ಬಂದ ಕೂಡಲೇ ತೋಟದ ಬೋರ್‌ವೆಲ್ ಮೋಟರು ಫೋನಿಗೆ ತಿಳಿಸಿ, ಫೋನಿನಿಂದಲೇ ಆನ್ ಆಗುವಂತೆ ಅವನೇ ಒಂದು ಸರ್ಕ್ಯೂಟ್ ಮಾಡಿ ಅಪ್ಪನಿಗೆ ಕೊಟ್ಟಿದ್ದನಂತೆ. ಅದರ ಬಗ್ಗೆ ನಾನು ಒಂದು ಪ್ರಶ್ನೆಯನ್ನೂ ಕೇಳಿರಲಿಲ್ಲ. ನಮ್ಮಿಬ್ಬರ ಮನೆಮಾತೂ ಕನ್ನಡವೇ ಆಗಿತ್ತು, ಇಪ್ಪತ್ತು ನಿಮಿಷವೂ ಇಂಗ್ಲಿಷಿನಲ್ಲೇ ಕಳೆದಿದ್ದೆವು. ಮರುದಿನ ಹೆಚ್.ಆರ್.ಗೆ ಫೋನ್ ಮಾಡಿ ಅವನನ್ನು ಮತ್ತೊಮ್ಮೆ ನೋಡಬಹುದೇ ಎಂದು ಕೇಳಿದೆ. ಪಟ್ಟಿ ರಾತ್ರಿಯೇ ಹೋಗಿತ್ತು.

ಥೋರ್ಪನ ಸಮಾಧಿ ನೋಡಿದ್ದು ಊರಿಗೆ ಮರಳುವ ಮುಂಚಿನ ಭಾನುವಾರ. ಅದು ಒಕ್ಲಹೋಮದಲ್ಲಿಲ್ಲ. ಅಲ್ಲಿ ಸ್ಮಾರಕ ಕಟ್ಟಲು ರಾಜ್ಯ ಸರ್ಕಾರದಿಂದ ಹಣ ಹೊರಡಲಿಲ್ಲ. ಪೆನ್ಸಿಲ್ವೇನಿಯಾದ ಬೆಟ್ಟಗಳ ನಡುವೆ ಕಲ್ಲಿದ್ದಲು ವ್ಯಾಪಾರ ಬಿದ್ದುಹೋಗಿ ಬಡವಾಗಿದ್ದ ಎರಡು ಅಕ್ಕಪಕ್ಕದ ಊರುಗಳ ಜೊತೆ ಅವನ ಮೂರನೆಯ ಹೆಂಡತಿ ಒಪ್ಪಂದ ಮಾಡಿಕೊಂಡಳು. ಆ ಊರುಗಳು 1954ರಲ್ಲಿ ಒಂದಾಗಿ ತಮ್ಮ ಹೆಸರನ್ನೇ ಜಿಮ್ ಥೋರ್ಪ್ ಎಂದು ಬದಲಾಯಿಸಿಕೊಂಡವು, ಪ್ರವಾಸಿಗಳು ಬಂದಾರೆಂಬ ಆಸೆಯಿಂದ. ಅಪ್ಪನ ದೇಹವನ್ನು ಅವನ ಜನರ ನೆಲಕ್ಕೆ ಒಯ್ಯಬೇಕೆಂದು ಗಂಡುಮಕ್ಕಳು ಕೋರ್ಟಿಗೆ ಹೋದರು. 2015ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಕೈಗೆತ್ತಿಕೊಳ್ಳಲು ಒಪ್ಪದೆ ಆ ದಾರಿ ಮುಚ್ಚಿತು. ಕೆಂಪು ಕಲ್ಲಿನ ಸಮಾಧಿ, ಹತ್ತಿರದಲ್ಲಿ ಪ್ರತಿಮೆಗಳು. ಕೆಳಗೆ ಸ್ಟಾಕ್‌ಹೋಮ್ ಕ್ರೀಡಾಂಗಣದಿಂದ ತಂದ ಮಣ್ಣಿದೆ. ಒಕ್ಲಹೋಮಕ್ಕೆ ಅವನು ಹೋಗಲಾಗಲಿಲ್ಲ. ಅಲ್ಲಿಯ ಮಣ್ಣನ್ನೇ ಒಂದಿಷ್ಟು ತಂದು ಇಲ್ಲಿ ಹಾಕಿದ್ದಾರೆ.